ಮುತ್ತಾತನ ತಂದೆ ಯಾರು?

ಶ್ರಾದ್ಧದ ದಿನ ಪುರೋಹಿತರು ಕೇಳುವುದು ಮೂರೇ ತಲೆಮಾರಿನ ಹೆಸರು: ತಂದೆ, ತಾತ, ಮುತ್ತಾತ. ನಾಲ್ಕನೆಯವನನ್ನು ಕೇಳುವವರಿಲ್ಲ, ಆತ ಮರೆವಿಗೆ ಸಂದುಹೋಗುತ್ತಾನೆ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿರುವ ಎಷ್ಟೋ ಸಂಸಾರಗಳಲ್ಲಿ ಹಾಸನ ಸೀಮೆಯ ಆ ಹಿರಿಯನ ವಿಷಯವಾಗಿ ಉಳಿದಿರುವುದು ಒಂದೇ ಮಾತು: ಧಾತು-ಈಶ್ವರ ಬರದಲ್ಲಿ ಊರು ಬಿಟ್ಟವನು ಎಂಬುದು.

ಹುಡುಕುವವರಿಗೆ ಅದೇ ದೊಡ್ಡ ಆಸರೆ. ಧಾತು ಸಂವತ್ಸರವೆಂದರೆ 1876-77, ಈಶ್ವರವೆಂದರೆ 1877-78. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತೆಂದರೆ ಆ ಬರದ ಭೀಕರತೆಯನ್ನು ಬೇರೆ ವರ್ಣಿಸಬೇಕಾಗಿಲ್ಲ. ಆದರೆ ಸಂವತ್ಸರಗಳ ಲೆಕ್ಕದಲ್ಲಿ ಒಂದು ತೊಡಕುಂಟು. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಹಳೆಯ ಜಾತಕದಲ್ಲಿ ಶಕವರ್ಷವಿಲ್ಲದೆ ಬರಿಯ ‘ಧಾತು’ ಎಂದಿದ್ದರೆ ಅದು 1876 ಆಗಬಹುದು, 1816 ಕೂಡ ಆಗಬಹುದು. ಜೊತೆಗೆ ತಾತನ ಹೆಸರನ್ನೇ ಮೊಮ್ಮಗನಿಗಿಡುವ ಪದ್ಧತಿ. ಇಬ್ಬರು ರಂಗಪ್ಪಂದಿರು ವಂಶಾವಳಿಯಲ್ಲಿ ಒಬ್ಬನೇ ಆಗಿ, ನಡುವಣ ಪಾಪದ ಜೀವವೊಂದು ಮಾಯವಾಗಿಬಿಡುತ್ತದೆ!

ಶಾನುಭೋಗರ ಲೆಕ್ಕಗಳಲ್ಲಿ ನೋಡಬಾರದೇ ಎನ್ನಬಹುದು. ನೋಡಬೇಕಾದುದೇ. ಹಿಂದೆ ಅವರು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುವ ಅನುಕೂಲವೂ ಇತ್ತು. ಆ ಅನುಕೂಲವೇ ಇಂದಿನವರಿಗೆ ಅನನುಕೂಲ. ಎಷ್ಟು ರೈತರ ಹೆಸರುಗಳು ಹೀಗೆ ಒರೆಸಿಹೋದುವೋ! 1863ರಲ್ಲಿ ಸಂಸ್ಥಾನದಲ್ಲಿ ಆರಂಭವಾದ ಭೂಮಾಪನದ ಬಳಿಕ ಸರ್ವೆ ನಂಬರಿನೊಡನೆ ಖಾತೆದಾರನ ಹೆಸರು ಕಾಗದದ ಮೇಲೆ ನಿಲ್ಲತೊಡಗಿತು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು 1961ರ ಕಾನೂನಿನಿಂದ ರದ್ದಾದುವು. ಆದಕಾರಣ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ತಾಲ್ಲೂಕು ಕಚೇರಿಗೆ ಹೋದವರು ಹಳೆಯ ಶಾನುಭೋಗರ ಮನೆಯ ಅಟ್ಟವನ್ನೂ ವಿಚಾರಿಸಿ ಬರುವುದು ಲೇಸು.

ಊರಿನ ಹೆಸರೇ ಮರೆತಿದ್ದರೆ ಮನೆದೇವರು ದಾರಿ ತೋರಿಸುತ್ತಾನೆ. ವಲಸೆ ಬಂದವರು ಊರು ಬಿಟ್ಟರೂ ಹರಕೆ ಬಿಡುವುದಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುಬ್ರಹ್ಮಣ್ಯನಿಗೋ ಹೊಳೆನರಸೀಪುರದ ನರಸಿಂಹನಿಗೋ ಮುಡಿಪು ಕಟ್ಟುವ ಮನೆಯವರು ಆ ಸುತ್ತಿನ ಹಳ್ಳಿಗಳಿಂದಲೇ ಹುಡುಕಲಾರಂಭಿಸಬಹುದು. ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು ಒಕ್ಕಲ ಮನೆಗಳ ಬಾಗಿಲಲ್ಲಿ ವಂಶಾವಳಿಯನ್ನು ಹಾಡಿ ಹೇಳಿ, ಕಾಳುಕಡ್ಡಿ ಪಡೆದು ಹೋಗುತ್ತಿದ್ದ ಹೆಳವರನ್ನು ಕೇಳಿದ ಹಿರಿಯರಿದ್ದರೆ ಇನ್ನೂ ಭಾಗ್ಯ. ಕಚೇರಿಯ ಕಾಗದದಲ್ಲಿ ಕಾಣದ ಹೆಣ್ಣು ಕೊಟ್ಟ ಊರು, ತಂದ ಊರುಗಳು ಅಂಥವರ ನೆನಪಿನಲ್ಲಿ ಸಿಕ್ಕರೂ ಸಿಗಬಹುದು.

ಕೆಲವರಿಗೆ ಹುಡುಕಲು ಊರೇ ಇಲ್ಲ. ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅನೇಕ ಹಳ್ಳಿಗಳು ಮುಳುಗಿದುವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನ ನಡುವೆ, ಬೇಸಗೆಯಲ್ಲಿ ಬಯಲಿನಲ್ಲಿ ನಿಂತಿರುವುದನ್ನು ಪ್ರವಾಸಿಗಳು ಕಂಡಿದ್ದಾರೆ. ಇಂಥ ಊರಿನವರು ನೋಡಬೇಕಾದುದು ಭೂಸ್ವಾಧೀನದ ಕಾಗದಪತ್ರಗಳನ್ನು. ವಾರಸುದಾರರೆಂದು ಪರಿಹಾರ ಕೇಳುವವರು ವಂಶವೃಕ್ಷವನ್ನು ಒಪ್ಪಿಸಬೇಕಾಗುತ್ತದೆ. ಆ ಹಾಳೆಯ ತುದಿಯಲ್ಲಿ, ಎಲ್ಲರಿಗೂ ಮೇಲೆ, ಬರಗಾಲ ಕಂಡವನ ಹೆಸರಿದ್ದರೂ ಇರಬಹುದು.