ಏರಿಯಲ್ ಬದಲಿಸಿದರೂ ಕರಕರ ಹೋಗದೇಕೆ?

ಆರ್‌.ಟಿ. ನಗರದಲ್ಲಾಗಲಿ ಯಶವಂತಪುರದಲ್ಲಾಗಲಿ, ಕಾರಿನ ಆಕ್ಸೆಸರಿ ಅಂಗಡಿಯಲ್ಲಿ ಶಾರ್ಕ್ ಫಿನ್ ಏರಿಯಲ್ ಕೇಳಿದರೆ ಎರಡು ಬಗೆಯ ಮಾಲು ಸಿಗಬಹುದು. ಒಂದರ ಹೊಟ್ಟೆಯಲ್ಲಿ ತಂತಿಯ ಸುರುಳಿ, ಪುಟ್ಟ ಆಂಪ್ಲಿಫೈಯರ್ ಇರುತ್ತವೆ. ಇನ್ನೊಂದರಲ್ಲಿ ಏನೂ ಇರುವುದಿಲ್ಲ. ತಳಕ್ಕೆ ಅಂಟು ಬಳಿದ ಪ್ಲಾಸ್ಟಿಕ್ ಟೊಪ್ಪಿಗೆ ಅಷ್ಟೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹಳೆಯ ಕಡ್ಡಿ ಕಿತ್ತು ಈ ಟೊಪ್ಪಿಗೆ ಅಂಟಿಸಿಕೊಂಡವರು, ಹೆಬ್ಬಾಳ ಮೇಲ್ಸೇತುವೆ ಹತ್ತಿದೊಡನೆ ರೇಡಿಯೊ ಕರಕರ ಎಂದರೆ ಸೆಟ್ಟನ್ನು ಬೈಯುತ್ತಾರೆ. ಏರಿಯಲ್ ಎಂದರೆ ಛಾವಣಿಯ ಮೇಲೆ ಕಾಣುವ ವಸ್ತು ಎಂಬ ನಂಬಿಕೆಯೇ ಈ ವ್ಯಾಪಾರದ ಬಂಡವಾಳ. ನಿಜದಲ್ಲಿ ಛಾವಣಿಯಿಂದ ಡ್ಯಾಷ್‌ಬೋರ್ಡಿಗೆ ಇಳಿಯುವ ಕೇಬಲ್ಲು, ನಡುವಿನ ಕೀಲು, ತುದಿಯ ಪ್ಲಗ್ಗು ಎಲ್ಲ ಸೇರಿದರೇ ಏರಿಯಲ್. ಕರಕರದ ಮೂಲ ಹೆಚ್ಚಾಗಿ ಇರುವುದು ಕಡ್ಡಿಯಲ್ಲಲ್ಲ, ಕಣ್ಣಿಗೆ ಬೀಳದ ಈ ಉಳಿದ ಭಾಗದಲ್ಲಿ. ಅಲ್ಲಿ ಒಂದಕ್ಕೊಂದು ಹೊಂದದ ತಂತಿಗಳು ಸೇರಿಕೊಂಡದ್ದು ಮೆಕ್ಯಾನಿಕ್ಕಿನ ಅಸಡ್ಡೆಯಿಂದ ಮಾತ್ರ ಅಲ್ಲ. ಕಾರ್ ರೇಡಿಯೊ ಬೆಳೆದುಬಂದ ಬಗೆಯೇ ಹಾಗಿದೆ.

ಅಮೆರಿಕದ ಪಾಲ್ ಗ್ಯಾಲ್ವಿನ್ 1930ರಲ್ಲಿ ಕಾರಿಗೆಂದು ರೇಡಿಯೊ ಮಾರಲು ಹೊರಟು ಅದಕ್ಕೆ ಮೊಟೊರೋಲಾ ಎಂದು ಹೆಸರಿಟ್ಟರು. ಇಂದಿಗೂ ಕಾರ್ ಸ್ಟೀರಿಯೊ ಹಿಂದೆ ಕಾಣುವ ಉದ್ದ ಮೂತಿಯ ಪ್ಲಗ್ಗಿಗೆ ಅದೇ ಹೆಸರು ಉಳಿದಿದೆ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಶುರುಮಾಡಿದಾಗಲೂ, ಬೆಂಗಳೂರು ಕೇಂದ್ರ 1955ರಲ್ಲಿ ಬಂದಾಗಲೂ ಕಾರಿನವರ ಪಾಲಿಗೆ ರೇಡಿಯೊ ಎಂದರೆ ಮುಖ್ಯವಾಗಿ ಮಧ್ಯಮ ತರಂಗ. ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದರ ಕಾಲು ಭಾಗದ ಏರಿಯಲ್ ಬೇಕೆಂದರೂ 122 ಮೀಟರ್ ಕಂಬ ನಿಲ್ಲಿಸಬೇಕು. ಪ್ರಸಾರ ಮಾಡುವವರಿಗೆ ಇದು ಕಷ್ಟವಲ್ಲ. ಯಲಹಂಕದಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳಿಗೆ ಕಟ್ಟಿದ ತಂತಿಯ ಪರದೆಗಳನ್ನು ನೋಡಿದವರಿಗೆ ಇದು ಗೊತ್ತು: ಅವರು ಅಲೆಗೆ ತಕ್ಕ ಏರಿಯಲ್ ಕಟ್ಟುತ್ತಾರೆ. ಕಾರಿನವನಿಗೆ ಮಾತ್ರ ಒಂದು ಮೀಟರ್ ಕಡ್ಡಿಯೇ ಗತಿ. ಅಷ್ಟು ಗಿಡ್ಡ ಕಡ್ಡಿ ಮಧ್ಯಮ ತರಂಗಕ್ಕೆ ಹತ್ತು ಹದಿನೈದು ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್‌ನಂತೆ ನಡೆದುಕೊಳ್ಳುತ್ತದೆ. ಹಿಂದಿರುವ ಕೇಬಲ್ಲಿನ ಕೆಪಾಸಿಟೆನ್ಸ್ ಹೆಚ್ಚಿದಷ್ಟೂ ಸಿಗ್ನಲ್ ಅಲ್ಲೇ ಸೋರುತ್ತದೆ. ಅದಕ್ಕೇ ಕಾರಿನ ಕೇಬಲ್ಲನ್ನು ಬೇರೆ ರೀತಿ ಮಾಡಿದರು. ಸಿಪ್ಪೆ ಸುಲಿದು ನೋಡಿ: ಪ್ಲಾಸ್ಟಿಕ್ ಕೊಳವೆ, ಅದರ ತುಂಬ ಬರೀ ಗಾಳಿ, ನಡುವೆ ಕೂದಲಿನಂಥ ತಂತಿ ಡೊಂಕಾಗಿ ಮಲಗಿರುತ್ತದೆ. ಉಳಿದ ಕೊರತೆ ಸರಿದೂಗಿಸಲು ಹಳೆಯ ಸೆಟ್ಟುಗಳಲ್ಲಿ ಟ್ರಿಮ್ಮರ್ ಎಂಬ ಸಣ್ಣ ತಿರುಪು ಇರುತ್ತಿತ್ತು. ಕ್ಷೀಣವಾದ ಸ್ಟೇಷನ್ ಹಾಕಿಕೊಂಡು, ದನಿ ಏರುವವರೆಗೆ ಅದನ್ನು ತಿರುಗಿಸುತ್ತಿದ್ದರು.

ಆಮೇಲೆ ಎಫ್‌ಎಂ ಬಂತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ ಶುರುವಾದದ್ದು ಬೆಂಗಳೂರಿನಲ್ಲೇ, 2001ರ ಜುಲೈಯಲ್ಲಿ. ಅದರ 91.1 ಮೆಗಾಹರ್ಟ್ಸ್ ಅಲೆಗೆ 82 ಸೆಂಟಿಮೀಟರ್ ಕಡ್ಡಿ ಸಾಕು. ಆದರೆ ಅಷ್ಟು ಉದ್ದವೂ ಕಾರ್ ತಯಾರಕರಿಗೆ ಹಿಡಿಸಲಿಲ್ಲ. ಕಡ್ಡಿಯನ್ನು ಸುರುಳಿ ಸುತ್ತಿ ಗೇಣುದ್ದಕ್ಕೆ ಇಳಿಸಿದರು, ಕೊನೆಗೆ ಮೀನಿನ ರೆಕ್ಕೆಯೊಳಗೆ ತುರುಕಿದರು. ಗಿಡ್ಡ ಮಾಡಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಬುಡದಲ್ಲೊಂದು ಆಂಪ್ಲಿಫೈಯರ್ ಇಟ್ಟರು. ಅದಕ್ಕೆ ಕರೆಂಟ್ ಬೇಕಲ್ಲ? ಕೆಲವು ಕಾರುಗಳಲ್ಲಿ ಅದು ಬೇರೆ ತಂತಿಯಲ್ಲಿ ಹೋಗುತ್ತದೆ, ಕೆಲವುಗಳಲ್ಲಿ ಏರಿಯಲ್ ಕೇಬಲ್ಲಿನ ಒಳಗಿನಿಂದಲೇ ಏರುತ್ತದೆ. ಇತ್ತ ಪ್ಲಗ್ಗುಗಳೂ ಕವಲೊಡೆದವು. ಜರ್ಮನ್ನರ ಫಾಕ್ರಾ ಪ್ಲಗ್ಗಿನಲ್ಲಿ ಬಣ್ಣವೇ ಭಾಷೆ: ಕೇಬಲ್ಲಿನೊಳಗೆ ಕರೆಂಟ್ ಹೋಗುವ ರೇಡಿಯೊಗೆ ಬಿಳಿ, ಹೋಗದಿದ್ದಕ್ಕೆ ಕಪ್ಪು, ಜಿಪಿಎಸ್‌ಗೆ ನೀಲಿ.

ಎಡವಟ್ಟಾಗುವುದು ಇಲ್ಲೇ. ಕಂಪನಿಯ ಸೆಟ್ ತೆಗೆದು ಆಂಡ್ರಾಯ್ಡ್ ಸ್ಟೀರಿಯೊ ಕೂರಿಸುವಾಗ ಅಡಾಪ್ಟರ್ ಹಾಕಿ ಪ್ಲಗ್ ಹೊಂದಿಸುತ್ತಾರೆ. ಪ್ಲಗ್ ಕೂತಿತು, ಆದರೆ ಆಂಪ್ಲಿಫೈಯರಿಗೆ ಕರೆಂಟ್ ಹೋಗಲಿಲ್ಲ. ಸ್ಟೀರಿಯೊ ಹಿಂದಿನ ನೀಲಿ ತಂತಿ ಇರುವುದೇ ಅದಕ್ಕೆ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಟೇಪ್ ಸುತ್ತಿ ಹಾಗೇ ಬಿಟ್ಟಿರುತ್ತಾರೆ. ಕರೆಂಟಿಲ್ಲದ ಆಂಪ್ಲಿಫೈಯರ್ ಸಿಗ್ನಲ್ಲಿಗೆ ಅಡ್ಡಗಾಲು. ಆಗ ಕಡ್ಡಿ ಎಷ್ಟು ಸಲ ಬದಲಿಸಿದರೇನು?

ಸ್ವಲ್ಪ ಓದಿಕೊಂಡವರು ಇನ್ನೊಂದು ಆಕ್ಷೇಪ ಎತ್ತುತ್ತಾರೆ: ಕೇಬಲ್ ಸಾಲದೆ ಟಿವಿ ಕೇಬಲ್ ಸೇರಿಸಿದರೆ ಇಂಪಿಡೆನ್ಸ್, ಅಂದರೆ ಅಲೆಗೆ ಕೇಬಲ್ ಒಡ್ಡುವ ತಡೆ, ಹೊಂದದೆ ಎಲ್ಲ ಕೆಡುವುದಿಲ್ಲವೇ? ಲೆಕ್ಕ ಹಾಕಿದರೆ ಆ ಭಯ ಅರ್ಧ ಮಾತ್ರ ನಿಜ. ಟಿವಿ ಕೇಬಲ್ 75 ಓಮ್, ಕಾರಿನದು 120ರ ಆಸುಪಾಸು ಎಂದಿಟ್ಟುಕೊಂಡರೂ ಎಫ್‌ಎಂನಲ್ಲಿ ಆ ಕೀಲಿನಿಂದ ಹಿಂದಿರುಗುವುದು ನೂರಕ್ಕೆ ಐದಾರು ಭಾಗ, ಕಿವಿಗೆ ತಿಳಿಯದು. ಮಧ್ಯಮ ತರಂಗದಲ್ಲಿ ಮಾತ್ರ ಪೆಟ್ಟು ಜೋರು. ಟಿವಿ ಕೇಬಲ್ಲಿಗೆ ಮೀಟರಿಗೆ ಐವತ್ತು ಪಿಕೋಫ್ಯಾರಡ್ ಹಿಡಿದರೆ, ಎರಡು ಮೀಟರ್ ಸೇರಿಸಿದೊಡನೆ ಕಡ್ಡಿ ಹಿಡಿದದ್ದರಲ್ಲಿ ಸುಮಾರು ಹತ್ತನೇ ಒಂದು ಪಾಲು ಉಳಿದೀತು. ಮಧ್ಯಮ ತರಂಗ ಈಗ ಯಾರು ಕೇಳುತ್ತಾರೆ ಎನ್ನಬಹುದು. ಆದರೆ ಮಾರುತಿ, ಹ್ಯುಂಡೈನ ಕೆಲವು ಮಾದರಿಗಳಲ್ಲಿ ಬಂದಿರುವ ಡಿಜಿಟಲ್ ರೇಡಿಯೊ, ಅಂದರೆ ಡಿಆರ್‌ಎಂ, ನಮ್ಮಲ್ಲಿ ಹೆಚ್ಚಾಗಿ ಅದೇ ತರಂಗದಲ್ಲಿ ಬರುತ್ತದೆ.

ಎಫ್‌ಎಂ ಕೆಡಿಸುವ ಕೀಲಿನ ದೋಷ ಬೇರೆ: ಕೇಬಲ್ಲಿನ ನಡುವಿನ ತಂತಿಯನ್ನು ಸುತ್ತುವರಿದ ಹೊರಗಿನ ಲೋಹದ ಜಾಲರಿ. ನಡುವಿನ ತಂತಿಯನ್ನು ಜೋಪಾನವಾಗಿ ಹೊಸೆದು, ಜಾಲರಿಯನ್ನು ಹಿಂದಕ್ಕೆ ಮಡಚಿ ಟೇಪ್ ಸುತ್ತಿದರೆ ಕೇಬಲ್ಲೇ ಏರಿಯಲ್ಲಾಗಿ ಇಂಜಿನ್ನಿನ ಗದ್ದಲವನ್ನೆಲ್ಲ ಹೀರುತ್ತದೆ. ಎರಡೂ ಜಾಲರಿಗಳನ್ನು ಬೆಸುಗೆ ಹಾಕಿ ಸೇರಿಸಬೇಕು, ಏರಿಯಲ್ ಬುಡದ ನಟ್ಟಿನಡಿ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಬೇಕು. ಇದಿಷ್ಟು ಮಾಡಿದರೂ ಹೋಗದ ಕರಕರ ಒಂದಿದೆ. ಮೇಲ್ಸೇತುವೆ, ಎತ್ತರದ ಕಟ್ಟಡಗಳಿಂದ ಪುಟಿದ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಹೆಬ್ಬಾಳದಂಥ ಜಾಗದ್ದು ಅದು. ಅದಕ್ಕೆ ಕೇಬಲ್ಲಿನಲ್ಲಿ ಮದ್ದಿಲ್ಲ. ಹಾಗಾಗಿ ಹೊಸ ಏರಿಯಲ್ಲಿಗೆ ದುಡ್ಡು ಕೊಡುವ ಮೊದಲು ಕಾರನ್ನು ಬಯಲಲ್ಲಿ ನಿಲ್ಲಿಸಿ ಕೇಳಿ. ಅಲ್ಲಿ ಸ್ವಚ್ಛವಾಗಿದ್ದರೆ ಸುಮ್ಮನಿರಿ. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಸದ್ದು ಏರಿದರೆ ಜಾಲರಿಯ ಕೀಲು ಬಿಚ್ಚಿಸಿ ನೋಡಿ. ಬರೀ ಕ್ಷೀಣವಾಗಿದ್ದರೆ, ಮೆಕ್ಯಾನಿಕ್ಕನ್ನು ಮೊದಲು ಆ ನೀಲಿ ತಂತಿ ಎಲ್ಲಿ ಎಂದು ಕೇಳಿ.