ನಿಮಗಿದು ಗೊತ್ತೆ? ಬಿಚ್ಚಲೆಂದೇ ತರಿಸಿದ ವಿಮಾನಗಳು

ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ ಜಾಗ್ವಾರ್ ಯುದ್ಧವಿಮಾನ ನಮ್ಮ ವಾಯುಪಡೆಗೆ ಬಂದದ್ದು 1979ರಲ್ಲಿ. ನಮ್ಮಲ್ಲಿರುವವುಗಳಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವೇ ಹೆಚ್ಚು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಇದನ್ನು ಸೇವೆಯಿಂದ ಕೈಬಿಟ್ಟವು. ಈಗ ಜಾಗ್ವಾರ್ ಹಾರಿಸುವ ದೇಶ ಭಾರತವೊಂದೇ. ಕೊಳ್ಳುವವರೇ ಇಲ್ಲದ ಮೇಲೆ ಬಿಡಿಭಾಗ ಮಾಡುವವರಾದರೂ ಯಾರು? ಒಂದು ಸಣ್ಣ ಕವಾಟ ಸಿಗದಿದ್ದರೂ ಇಡೀ ವಿಮಾನ ಹ್ಯಾಂಗರಿನಲ್ಲೇ ನಿಲ್ಲಬೇಕಾಗುತ್ತದೆ. ಅದಕ್ಕೇ ವಾಯುಪಡೆ ಫ್ರಾನ್ಸ್‌ನಲ್ಲಿ ನಿವೃತ್ತವಾಗಿದ್ದ 31 ಜಾಗ್ವಾರ್‌ಗಳನ್ನು ಪಡೆಯಲು ಮುಂದಾಯಿತು. ಹಾರಿಸಲಿಕ್ಕಲ್ಲ, ಬಿಚ್ಚಿ ಬಿಡಿಭಾಗ ತೆಗೆಯಲಿಕ್ಕೆ! ತೆಗೆದದ್ದನ್ನು ಹಾಗೇ ಜೋಡಿಸುವಂತಿಲ್ಲ. ಎಲ್ಲಾದರೂ ಬಿರುಕಿದೆಯೇ, ಎಷ್ಟು ಗಂಟೆ ಹಾರಿದೆ, ಇನ್ನೆಷ್ಟು ಆಯುಷ್ಯವಿದೆ ಎಂದು ಒಂದೊಂದನ್ನೂ ಪರೀಕ್ಷಿಸಿದ ಮೇಲಷ್ಟೇ ಇನ್ನೊಂದು ವಿಮಾನಕ್ಕೆ ಅಳವಡಿಕೆ. ತಂತ್ರಜ್ಞರ ಈ ತಾಳ್ಮೆಯ ದುಡಿಮೆ ಸುದ್ದಿಯಾಗುವುದು ತೀರಾ ಕಡಿಮೆ.