ಮೈದಾನ ಅದೇ, ಜೆರ್ಸಿ ಬೇರೆ

ಪದವಿ ಕಾಲೇಜಿನ ಆಟಗಾರ ಯಾರ ಎದುರು ಆಡಬೇಕು, ಯಾರ ಜೊತೆ ತಂಡ ಕಟ್ಟಬೇಕು ಎಂಬುದು ನಮ್ಮ ದೇಶದಲ್ಲಿ ಅವನ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿದೆ ಎಂಬುದರ ಮೇಲೆ ನಿಂತಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಸನಮಡಿಯ ಹುಡುಗನೊಬ್ಬ ಜತ್ತದ ರಾಜೇ ರಾಮರಾವ ಮಹಾವಿದ್ಯಾಲಯಕ್ಕೆ ಸೇರಿದರೆ ಅವನು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬರುತ್ತಾನೆ. ಅವನೊಂದಿಗೇ ಕಬಡ್ಡಿ ಆಡಿ ಬೆಳೆದ ಗೆಳೆಯ ಕನ್ನಡದಲ್ಲಿ ಓದಬೇಕೆಂದು ವಿಜಯಪುರದ ಪದವಿ ಕಾಲೇಜಿಗೆ ಹೋದರೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಲೆಕ್ಕಕ್ಕೆ. ಜತ್ತದಿಂದ ವಿಜಯಪುರಕ್ಕಿಂತ ಕೊಲ್ಲಾಪುರ ಎರಡರಷ್ಟು ದೂರ. ಆದರೆ ವಿ.ವಿ.ಗಳ ಗಡಿ ಬಸ್ಸಿನ ದಾರಿ ನೋಡಿ ಎಳೆದದ್ದಲ್ಲ.

ಕಾಲೇಜು ಕ್ರೀಡೆಯ ಏಣಿ ಹೀಗಿದೆ. ಮೊದಲು ಅಂತರ ಕಾಲೇಜು ಪಂದ್ಯ, ಶಿವಾಜಿ ವಿ.ವಿ.ಯಲ್ಲಾದರೆ ಸಾಂಗ್ಲಿ, ಸಾತಾರಾ, ಕೊಲ್ಲಾಪುರ ಎಂದು ವಲಯ ಮಾಡಿ ಆಡಿಸಿ, ಆಮೇಲೆ ಅಂತರ ವಲಯ. ಅಲ್ಲಿ ಮಿಂಚಿದವರನ್ನು ಬೇರೆ ಬೇರೆ ಕಾಲೇಜುಗಳಿಂದ ಆರಿಸಿ ವಿ.ವಿ. ತಂಡ ಕಟ್ಟುತ್ತಾರೆ, ಕೋಚಿಂಗ್ ಕ್ಯಾಂಪ್ ನಡೆಸುತ್ತಾರೆ. ಮುಂದಿನ ಮೆಟ್ಟಿಲು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. 1925ರಲ್ಲಿ ಹುಟ್ಟಿದ ಈ ಸಂಘ ತಂಡದ ಆಟಗಳಿಗೆ ದೇಶವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ನಾಲ್ಕು ವಲಯ ಮಾಡಿದೆ. ವಲಯದಲ್ಲಿ ಮೇಲಿನ ಸ್ಥಾನ ಪಡೆದ ತಂಡಗಳು ಅಖಿಲ ಭಾರತ ಪಂದ್ಯಕ್ಕೆ, ಅಲ್ಲಿ ಮುಂದೆ ಬಂದವು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ. ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿದೆ, ಕರ್ನಾಟಕ ದಕ್ಷಿಣದಲ್ಲಿ. ಹಾಗಾಗಿ ಜತ್ತದ ಹುಡುಗ ರಾಜಸ್ಥಾನ, ಗುಜರಾತಿನ ತಂಡಗಳೊಂದಿಗೆ ಸೆಣಸಿದರೆ ವಿಜಯಪುರದವನು ತಮಿಳುನಾಡು, ಕೇರಳದವರೊಂದಿಗೆ. ಇಬ್ಬರೂ ಎದುರಾಗಬೇಕಾದರೆ ಎರಡೂ ತಂಡ ತಮ್ಮ ತಮ್ಮ ವಲಯ ದಾಟಬೇಕು.

ಇಷ್ಟಕ್ಕೆಲ್ಲ ದಾಖಲೆ ಒಂದು ಎಲಿಜಿಬಿಲಿಟಿ ಫಾರ್ಮ್. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿನ ಹುಟ್ಟಿದ ತಾರೀಖು, ಪಿಯುಸಿ ಅಥವಾ ಹನ್ನೆರಡನೆಯ ಇಯತ್ತೆ ಪಾಸಾದ ವರ್ಷ, ಈಗಿನ ತರಗತಿ, ಅಂಟಿಸಿದ ಫೋಟೊ, ಅದರ ಮೇಲೆ ಅರ್ಧ ಬೀಳುವಂತೆ ಪ್ರಾಂಶುಪಾಲರ ಮೊಹರು. ತಂಡದ ಮ್ಯಾನೇಜರು ಈ ಹಾಳೆಗಳ ಫೈಲನ್ನು ಕಿಟ್ ಬ್ಯಾಗಿಗಿಂತ ಜೋಪಾನವಾಗಿ ಒಯ್ಯುತ್ತಾರೆ, ಏಕೆಂದರೆ ಪಂದ್ಯದ ಊರಿನಲ್ಲಿ ಮೊದಲ ಪರೀಕ್ಷೆ ಅದಕ್ಕೇ. ವಿ.ವಿ. ಬದಲಾದ ವರ್ಷ ಗೊಂದಲ ಹುಟ್ಟುವುದೂ ಸಾಮಾನ್ಯವಾಗಿ ಇಲ್ಲಿಯೇ: ಹೊಸ ವಿದ್ಯಾರ್ಥಿಗಳು ಹೊಸ ವಿ.ವಿ.ಗೆ, ಹಳೆಯ ಬ್ಯಾಚು ಹಳೆಯದಕ್ಕೆ ಎಂದಾದಾಗ ಒಂದೇ ಕಾಲೇಜಿನ ಅಂಗಳದಲ್ಲಿ ಎರಡು ವಿ.ವಿ.ಗಳ ಆಟಗಾರರು ಇರುತ್ತಾರೆ.

ಈ ಭಾಗದ ಗೆರೆ ರಾಜ್ಯಗಳ ಪುನರ್ವಿಂಗಡಣೆಗಿಂತ ಹಳೆಯದು. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮರುವರ್ಷ ಪುಣೆ ವಿ.ವಿ. ಬಂತು, ಕರ್ನಾಟಕ ವಿ.ವಿ.ಯೂ ಬಂದು ಬಳಿಕ ಧಾರವಾಡದಲ್ಲಿ ನೆಲೆಯಾಯಿತು. ಎರಡೂ ಅದೇ ಮುಂಬಯಿ ಸರ್ಕಾರದವೇ. ಆದರೂ ವಿಜಾಪುರ (ಇಂದಿನ ವಿಜಯಪುರ) ಧಾರವಾಡಕ್ಕೆ, ಮುಂದೆ ಸಾಂಗ್ಲಿ ಎನಿಸಿಕೊಂಡ ದಕ್ಷಿಣ ಸಾತಾರಾ ಪುಣೆಗೆ. 1962ರಲ್ಲಿ ಶಿವಾಜಿ ವಿ.ವಿ. ಸ್ಥಾಪನೆಯಾದಾಗ ಸಾಂಗ್ಲಿ ಜಿಲ್ಲೆ ಅದರ ಪಾಲಾಯಿತು. ಜತ್ತದ ಮಹಾವಿದ್ಯಾಲಯ ತೆರೆದದ್ದು 1969ರಲ್ಲಿ. 2004ರಲ್ಲಿ ಸೊಲ್ಲಾಪುರ ಒಂದೇ ಜಿಲ್ಲೆಗೆ ಬೇರೆ ವಿ.ವಿ. ಆಗಿ, ಜತ್ತದ ಪಕ್ಕದ ಮಂಗಳವೇಢೆ, ಸಾಂಗೋಲೆ ತಾಲೂಕುಗಳು ಬೇರೆ ತಂಡದವಾದವು.

ಕರ್ನಾಟಕದ ಕಡೆ ಒಡೆತ ಇನ್ನೂ ಜೋರು. ಧಾರವಾಡದಿಂದ 1980ರಲ್ಲಿ ಗುಲ್ಬರ್ಗ ಬೇರೆಯಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ., 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. ಬಂದು ರಾಜ್ಯದುದ್ದಕ್ಕೂ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳನ್ನು ಕಿತ್ತುಕೊಂಡವು. ಜಿಲ್ಲೆಯಂತಲ್ಲದೆ ವಿಷಯದಂತೆ ಒಡೆಯುವ ಈ ಎರಡನೆಯ ಬಗೆಯ ಬದಲಾವಣೆಯ ಬಗ್ಗೆ ಮಾತು ಕಡಿಮೆ, ಪೆಟ್ಟು ಮಾತ್ರ ದೊಡ್ಡದು. ಒಂದೇ ಊರಿನ ಕಲಾ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಒಂದೇ ಕೂಟದಲ್ಲಿ ಆಡುವುದು ಅಲ್ಲಿಗೆ ನಿಂತಿತು. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿ.ವಿ. ಆಯಿತು, ಮಹಿಳಾ ಕಾಲೇಜಿನ ಹುಡುಗಿ ಅದಕ್ಕೆ, ರಸ್ತೆಯಾಚೆಯ ಸಹಶಿಕ್ಷಣ ಕಾಲೇಜಿನ ಹುಡುಗಿ ಇನ್ನೊಂದಕ್ಕೆ. 2010ರಲ್ಲಿ ರಾಣಿ ಚನ್ನಮ್ಮ ವಿ.ವಿ. ಬೆಳಗಾವಿ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳನ್ನು ಪಡೆಯಿತು. ಇತ್ತೀಚೆಗೆ ಬಾಗಲಕೋಟೆ, ಹಾವೇರಿಗಳಿಗೂ ಸ್ವಂತ ವಿ.ವಿ. ಬಂದವು.

ಪರಿಣಾಮ ಎರಡು ಬಗೆಯದು. ಕಬಡ್ಡಿ ತಂಡಕ್ಕೆ ಹನ್ನೆರಡು ಜನ. ಒಂದು ವಿ.ವಿ. ಮೂರಾದರೆ ಹನ್ನೆರಡರ ಜಾಗದಲ್ಲಿ ಮೂವತ್ತಾರು ಹುಡುಗರು ವಿ.ವಿ. ಜೆರ್ಸಿ ತೊಡುತ್ತಾರೆ, ಯೂನಿವರ್ಸಿಟಿ ಬ್ಲೂ ಎನಿಸಿಕೊಳ್ಳುತ್ತಾರೆ. ಕೆಲಸದ ಅರ್ಜಿಗೆ ಲಗತ್ತಿಸಲು ಒಂದು ಪ್ರಮಾಣಪತ್ರವಾಗುತ್ತದೆ. ಹಳ್ಳಿ ಕಾಲೇಜಿಗೆ ಇದು ಸಣ್ಣ ಲಾಭವಲ್ಲ. ಆದರೆ ಒಳ್ಳೆಯ ರೈಡರ್ ಒಂದು ಕಡೆ, ಒಳ್ಳೆಯ ಕ್ಯಾಚರ್ ಇನ್ನೊಂದು ಕಡೆ ಉಳಿದು, ದಕ್ಷಿಣ ವಲಯದ ಮೊದಲ ಸುತ್ತಿನಲ್ಲೇ ಮೂರೂ ತಂಡ ಮನೆಗೆ ಮರಳುವ ಸಂಭವವೂ ಹೆಚ್ಚು. ಓಟದ ಟ್ರ್ಯಾಕು, ಒಳಾಂಗಣ, ಜಿಮ್, ಅನುಭವಿ ತರಬೇತುದಾರರು ತಾಯಿ ವಿ.ವಿ.ಯಲ್ಲೇ ಉಳಿಯುತ್ತಾರೆ. ಹೊಸದಕ್ಕೆ ಸಿಗುವುದು ವಿದ್ಯಾರ್ಥಿಗಳ ಕ್ರೀಡಾ ಶುಲ್ಕದ ಪಾಲು. ಕಾಲೇಜುಗಳು ಕಡಿಮೆಯಾದಷ್ಟು ಅದೂ ಕಡಿಮೆ. ಪ್ರಯಾಣ ಭತ್ಯೆ, ಕ್ಯಾಂಪು, ಕಿಟ್ ಎಲ್ಲ ಅದರಲ್ಲೇ ಆಗಬೇಕು.

ಅಮೆರಿಕದಲ್ಲಿ ಇದೇ ಪಲ್ಲಟ ದುಡ್ಡಿನ ಹಾದಿಯಲ್ಲಿ ನಡೆಯುತ್ತದೆ. ಅಲ್ಲಿನ ವಿ.ವಿ.ಗಳು ‘ಕಾನ್ಫರೆನ್ಸ್’ ಎಂಬ ಕೂಟಗಳಲ್ಲಿ ಸೇರಿ ಆಡುತ್ತವೆ, ಕೂಟವೇ ಟಿವಿ ಹಕ್ಕು ಮಾರಿ ಸದಸ್ಯರಿಗೆ ಹಂಚುತ್ತದೆ. ‘ಬಿಗ್ ಟೆನ್’ ಕೂಟಕ್ಕೆ ದೊಡ್ಡ ಟಿವಿ ಒಪ್ಪಂದ ಸಿಕ್ಕಿದ ಮೇಲೆ ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಕುಸಿಯಿತು. 2024ರಲ್ಲಿ ಹನ್ನೆರಡರಲ್ಲಿ ಹತ್ತು ಹೊರನಡೆದು, ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಫುಟ್‌ಬಾಲಿಗಾಗಿ ಮಾಡಿದ ವ್ಯವಹಾರಕ್ಕೆ ‘ಬಿಗ್ ಟೆನ್’ ಸೇರಿದ ವಿ.ವಿ.ಗಳ ವಾಲಿಬಾಲ್ ಹುಡುಗಿಯರು ಲಾಸ್ ಏಂಜಲಿಸ್‌ನಿಂದ ಸುಮಾರು 4,000 ಕಿ.ಮೀ. ದೂರದ ನ್ಯೂಜೆರ್ಸಿಗೆ ಹೋಗಿ ಆಡಬೇಕಾಯಿತು.

ನಮ್ಮಲ್ಲಿ ಜತ್ತದ ಕಾಲೇಜು ಹೀಗೆ ತಾನಾಗಿ ಕೂಟ ಬದಲಿಸಲಾರದು. ವ್ಯಾಪ್ತಿಯನ್ನು ಬರೆಯುವುದು ರಾಜ್ಯದ ಕಾಯ್ದೆ. ದುಡ್ಡಿನ ಸೆಳೆತ ಇಲ್ಲಿ ಬೇರೆ ಬಾಗಿಲಿಂದ ಬಂದಿದೆ. ಸ್ವಂತ ತಂಡ ಕಳಿಸುವ ಖಾಸಗಿ ಮತ್ತು ಡೀಮ್ಡ್ ವಿ.ವಿ.ಗಳು ಶುಲ್ಕ ಮನ್ನಾ, ಹಾಸ್ಟೆಲ್ ಕೊಟ್ಟು ಪಳಗಿದ ಆಟಗಾರರನ್ನೇ ಕರೆದುಕೊಳ್ಳುತ್ತವೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿ.ವಿ. ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆದದ್ದು ಜೈನ್ ವಿ.ವಿ. ಜಿಲ್ಲೆಗೊಂದು ವಿ.ವಿ. ಎಂದು ಸರ್ಕಾರಿ ತಂಡಗಳು ಚಿಕ್ಕವಾಗುತ್ತ ಹೋದ ಕಾಲದಲ್ಲೇ ಇವು ಬಲಿತದ್ದನ್ನು ಬರೀ ಕಾಕತಾಳೀಯ ಎನ್ನುವುದು ಕಷ್ಟ.

2025ರಲ್ಲಿ ಕರ್ನಾಟಕದ ಸಚಿವ ಸಂಪುಟ ಉಪಸಮಿತಿ ಹೊಸ ವಿ.ವಿ.ಗಳಲ್ಲಿ ಹೆಚ್ಚಿನವನ್ನು ಮುಚ್ಚಿ ಹಳೆಯವಕ್ಕೆ ಸೇರಿಸುವ ಸಲಹೆ ಮುಂದಿಟ್ಟಿತು. ಅದು ಜಾರಿಯಾದರೆ ಆಯಾ ಜಿಲ್ಲೆಗಳ ಆಟಗಾರರು ಮತ್ತೆ ದೊಡ್ಡ ಗುಂಪಿನಲ್ಲಿ ಪೈಪೋಟಿಗಿಳಿದು ಹನ್ನೆರಡರೊಳಗೆ ಜಾಗ ಹುಡುಕಬೇಕು. ಜತ್ತದ ಮಟ್ಟಿಗೆ ಇದರಿಂದ ಏನೂ ಬದಲಾಗದು. ನಾಳೆ ಸಾಂಗ್ಲಿ ಜಿಲ್ಲೆಗೇ ಪ್ರತ್ಯೇಕ ವಿ.ವಿ. ಬಂದರೂ ವಲಯ ಪಶ್ಚಿಮವೇ. ವಿಜಯಪುರದವರೊಂದಿಗಿನ ಆಟ ಜಾತ್ರೆಯ ಪಂದ್ಯಾವಳಿಗಳಿಗೆ ಉಳಿಯುತ್ತದೆ.